ಆಮೆನ್ ಅನ್ನದ ಮಗಳು

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರ ಮನೆಯಲ್ಲಿ ಒಬ್ಬರಾದರೂ ಕಣ್ಣು ತೆರೆದಿರಬೇಕು. ನಮ್ಮ ಮನೆಯಲ್ಲಿ ಆ ಒಬ್ಬಳು ನಾನು. ಇಲ್ಲದಿದ್ದರೆ ಒಲೆಯ ಮೇಲಿನ ಹಾಲು ಉಕ್ಕುವುದು ಯಾರಿಗೆ ಗೊತ್ತಾಗುತ್ತದೆ? ಸಣ್ಣ ಮಗಳ ಕೈ ಮೆಲ್ಲಗೆ ಬೆಲ್ಲದ ಡಬ್ಬಿಗೆ ಹೋಗುವುದು, ಮಂಡಿಯೂರಿದ ಗಂಡ ತೂಕಡಿಸಿ ಗೋಡೆಗೆ ಹಣೆ ಹಚ್ಚುವುದು ಯಾರಿಗೆ ಕಾಣುತ್ತದೆ? "ದೇವರು ನೋಡ್ಕೋತಾನ ಬಿಡು" ಎನ್ನುತ್ತಿದ್ದರು ನಮ್ಮ ಮನೆಯವರು. ದೇವರಿಗೆ ಇಡೀ ಲೋಕ ನೋಡಿಕೊಳ್ಳುವ ಕೆಲಸವಿದೆ, ನನ್ನ ಎರಡು ಕೋಣೆಗಳನ್ನು ನಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದೆ ನಾನು.

ಹಾಗೆ ಒಂದು ಕಣ್ಣು ತೆರೆದಿದ್ದಾಗಲೇ ಅದು ಕಂಡದ್ದು. ದೀಪಾವಳಿ ರಜೆಗೆ ಔರಂಗಾಬಾದಿನ ಹಾಸ್ಟೆಲಿನಿಂದ ನಾಸಿಕದ ಮನೆಗೆ ಬಂದಿದ್ದ ನನ್ನ ದೊಡ್ಡ ಮಗಳು ಪ್ರಾರ್ಥನೆ ಮುಗಿದಾಗ ಆಮೆನ್ ಅನ್ನಲಿಲ್ಲ. ಗಂಡ ಅಂದರು, ಸಣ್ಣವಳು ಕಿರುಚಿದಳು, ನಾನೂ ಅಂದೆ. ದೊಡ್ಡವಳ ತುಟಿ ಅಲುಗಲಿಲ್ಲ. ರೈಲಿನಲ್ಲಿ ಬಂದ ದಣಿವಿರಬೇಕು ಎಂದು ಸುಮ್ಮನಾದೆ. ಮರುದಿನವೂ ಅದೇ. ಊಟದ ಮುಂದಿನ ಪ್ರಾರ್ಥನೆಗೂ ಅದೇ. ಹಾಡು ಎಂದರೆ ಹಾಡುತ್ತಾಳೆ, ಬೈಬಲ್ ಓದು ಎಂದರೆ ಓದುತ್ತಾಳೆ, ಎಲ್ಲರಿಗಿಂತ ಮೊದಲು ಮಂಡಿಯೂರುತ್ತಾಳೆ. ಕೊನೆಯ ಆ ಒಂದು ಮಾತು ಬಂದಾಗ ಮಾತ್ರ ಬಾಯಿಗೆ ಬೀಗ.

ಒಂದು ಮಾತಿಗೆ ಇಷ್ಟು ರಂಪವೇಕೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಅದು ಬರೀ ಮಾತಾಗಿರಲಿಲ್ಲ. ನನ್ನ ಅಪ್ಪ ಬೀದರ ಸುತ್ತಿನ ಹಳ್ಳಿಗಳಲ್ಲಿ ಉಪದೇಶಿಯಾಗಿದ್ದವರು. ಕಾಗದದಲ್ಲಿ ಏನಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರನ್ನು ಕಣ್ಣಾರೆ ಕಂಡವರು. ಅದಕ್ಕೇ ಮಕ್ಕಳಿಗೂ ಮೊಮ್ಮಕ್ಕಳಿಗೂ ಅವರದು ಒಂದೇ ಪಾಠ: "ಆಮೆನ್ ಅಂದ್ರ ಸಹಿ ಇದ್ದಂಗ. ಇನ್ನೊಬ್ಬರು ಮಾಡಿದ ಪ್ರಾರ್ಥನಾಕ್ಕ ನೀವು ಸಹಿ ಹಾಕ್ತೀರಿ. ತಿಳದು ಹಾಕ್ರಿ." ನನ್ನ ದೊಡ್ಡ ಮಗಳು ಅಜ್ಜನ ತೊಡೆಯ ಮೇಲೆ ಕೂತು ಇದನ್ನು ಕೇಳಿ ಬೆಳೆದವಳು. ಅಂಥವಳು ಸಹಿ ನಿಲ್ಲಿಸಿದ್ದಾಳೆ ಎಂದರೆ ಮನಸ್ಸು ನಮ್ಮ ಸ್ವಾಮಿಯನ್ನು ಬಿಟ್ಟು ಬೇರೆಲ್ಲೋ ಹೋಗಿದೆ ಎಂದೇ ನಾನು ತಿಳಿದೆ. 

ಅದೂ ಯಾವ ವರ್ಷ ನೋಡಿ. ಬರುವ ಈಸ್ಟರಿನ ಮುಂಚಿನ ಗರಿಗಳ ಭಾನುವಾರ ಅವಳ ದೃಢೀಕರಣ ನಡೆಯಬೇಕಾಗಿತ್ತು. ಕೂಸಾಗಿದ್ದಾಗ ದೀಕ್ಷಾಸ್ನಾನ ಮಾಡಿಸುವಾಗ ತಾಯಿತಂದೆ ಮಗುವಿನ ಪರವಾಗಿ ಮಾತು ಕೊಟ್ಟಿರುತ್ತೇವೆ. ದೊಡ್ಡವಳಾದ ಮೇಲೆ ಮಗು ತಾನೇ ಸಭೆಯ ಮುಂದೆ ನಿಂತು, ಈ ನಂಬಿಕೆ ನನ್ನದು ಎಂದು ತನ್ನ ಬಾಯಿಂದ ಹೇಳಬೇಕು. ಪಾದ್ರಿ ಸಾಹೇಬರು ಕೇಳುತ್ತಾರೆ, ಅವಳು ಉತ್ತರಿಸಬೇಕು. ಅಲ್ಲಿ ತಾಯಿಗೆ ಬಾಯಿ ಹಾಕಲು ಬಿಡುವುದಿಲ್ಲ. ನನ್ನಂಥ ತಾಯಿಗಂತೂ ಬಿಡುವುದೇ ಇಲ್ಲ. ಸಭೆಯ ಮುಂದೆ ನನ್ನ ಮಗಳು ಹೀಗೆ ಬಾಯಿ ಹೊಲಿದುಕೊಂಡು ನಿಂತರೆ? ಊರ ಜನ ಏನೆನ್ನುತ್ತಾರೆ ಎನ್ನುವುದು ಹಾಳಾಗಲಿ. ನನ್ನ ಕೂಸು ನನ್ನ ಕೈ ತಪ್ಪಿ ಹೋಗುತ್ತಿದೆ ಎನ್ನುವ ದಿಗಿಲು ನನ್ನದು.

ಯಾರೋ ಅವಳ ತಲೆ ಕೆಡಿಸಿದ್ದಾರೆ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಯಾರು ಎನ್ನುವುದೊಂದೇ ಪ್ರಶ್ನೆ.

ನಾಸಿಕ ಅಂದರೆ ಗೊತ್ತಲ್ಲ, ಎಡಕ್ಕೆ ತಿರುಗಿದರೆ ಗುಡಿ, ಬಲಕ್ಕೆ ತಿರುಗಿದರೆ ಗುಡಿ. ನಮ್ಮ ಮನೆಯವರಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಬೆಳಗಾದರೆ ಕಾರ್ಖಾನೆಯ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಹಳೇ ಊರಿನ ಒಂದು ವಾಡೆಯಲ್ಲಿ, ಅಂದರೆ ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿರುವ ಹಳೇ ಕಟ್ಟಡದಲ್ಲಿ, ಮಾಳಿಗೆಯ ಮೇಲೆ ನಮ್ಮ ಬಾಡಿಗೆ ಮನೆ. ಆ ವಾಡೆಗೆಲ್ಲ ಕ್ರೈಸ್ತರೆಂದರೆ ನಾವೊಬ್ಬರೇ. ಪ್ರಸಾದ ಕೊಟ್ಟರೆ ಕೈ ಮುಗಿದು ಬೇಡ ಅನ್ನಬೇಕು, ಆದರೆ ಮುಖ ಗಂಟು ಹಾಕಬಾರದು. ಸುಳ್ಳು ಹೇಳಬಾರದು, ಹೇಳಿದರೆ ಅವತ್ತೇ ಒಪ್ಪಿಕೊಳ್ಳಬೇಕು. ಬೇರೆಯವರ ದೇವರನ್ನು ಬೈಯಬಾರದು, ನಮ್ಮ ದೇವರನ್ನು ಬಿಡಬಾರದು. ಇಷ್ಟನ್ನು ಇಬ್ಬರು ಹೆಣ್ಣುಮಕ್ಕಳ ತಲೆಗೆ ಹಾಕುವಷ್ಟರಲ್ಲಿ ನನ್ನ ಗಂಟಲು ಹರಿದುಹೋಗುತ್ತಿತ್ತು. ನಾನು ಕನ್ನಡದಲ್ಲಿ ಬೈದರೆ ಅವರು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು.

ಮೊದಲು ನನ್ನ ಕಣ್ಣು ಬಿದ್ದದ್ದು ಕೆಳಮನೆಯಾಕೆಯ ಮೇಲೆ. ಅವರು ಕಲಬುರ್ಗಿ ಕಡೆಯವರು, ಲಿಂಗ ಕಟ್ಟಿಕೊಂಡ ಶೈವರು. ಗಂಡ ಕಾಳು, ಅಕ್ಕಿಯ ವ್ಯಾಪಾರ ಮಾಡುತ್ತಿದ್ದರು, ಘೋಟಿಯಿಂದ ಅಕ್ಕಿ ತರಿಸುತ್ತಿದ್ದರು. ಆ ವಾಡೆಯಲ್ಲಿ ಕನ್ನಡ ಆಡುವ ಹೆಂಗಸರು ನಾವಿಬ್ಬರೇ ಆದ್ದರಿಂದ ಬೇಕಾಗಲಿ ಬೇಡವಾಗಲಿ ಗೆಳತಿಯರಾದೆವು. ಅವರು ನನಗೆ ಅಕ್ಕಾರ ಅನ್ನುತ್ತಿದ್ದರು, ನಾನು ಅವರಿಗೆ ಅಕ್ಕಾರ ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಯಾರೂ ಬಾಯಿ ಬಿಡಲಿಲ್ಲ. ಮಕ್ಕಳಿಗೆ ಅವರು ಮೌಶಿ, ಅಂದರೆ ಚಿಕ್ಕಮ್ಮ.

ಅವರಿಗೆ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬ ಮಗನಿದ್ದ. ನನ್ನ ದೊಡ್ಡ ಮಗಳಿಗೆ ಅವನೆಂದರೆ ಜೀವ. ತಮ್ಮಾ ತಮ್ಮಾ ಎಂದು ಸದಾ ಸೊಂಟದ ಮೇಲೆ ಹೊತ್ತು ತಿರುಗಿ ಫ್ರಾಕಿನ ಹೊಲಿಗೆಯೆಲ್ಲ ಬಿಚ್ಚಿಕೊಳ್ಳುತ್ತಿದ್ದಳು. ಆ ವರ್ಷ ಮಳೆ ಹಿಡಿಯುವ ಮುಂಚೆ ಮಗುವಿಗೆ ಜ್ವರ ಬಂತು. ಡಾಕ್ಟರಾಯಿತು, ಸೂಜಿಯಾಯಿತು, ಇಳಿಯಲಿಲ್ಲ. ಮಗು ಉಳಿಯಲಿಲ್ಲ. ವಾಡೆಯ ಜನ ಗೋದಾವರಿ ದಂಡೆ, ಕಟ್ಟಿಗೆ ಎಂದು ಓಡಾಡತೊಡಗಿದಾಗ ಆ ತಂದೆ ದಿಕ್ಕು ತೋಚದೆ ನಿಂತುಬಿಟ್ಟಿದ್ದರು, ಏಕೆಂದರೆ ಅವರು ಸುಡುವವರಲ್ಲ, ಹೂಳುವವರು. ಆ ವಾಡೆಯಲ್ಲಿ ಹೂಳುವವರು ಇನ್ನು ನಾವೇ. ನಮ್ಮ ಮನೆಯವರು ಸೈಕಲ್ ತೆಗೆದುಕೊಂಡು ಹೋಗಿ ಅವರ ಜನದ ಜಾಗ ಎಲ್ಲಿದೆ ಎಂದು ವಿಚಾರಿಸಿ, ಅಗೆಯುವವರನ್ನು ಕರೆತಂದು, ಕುಣಿಗೆ ತಾವೇ ಇಳಿದು ಮಗುವನ್ನು ಕೈಗೆ ತೆಗೆದುಕೊಂಡರಂತೆ. ಅದಾದ ಕೆಲವೇ ದಿನಕ್ಕೆ ಮಗಳು ಹಾಸ್ಟೆಲಿಗೆ ಹೋದಳು. ಅಳುತ್ತಾ ಹೋದಳು. ಹಾಸ್ಟೆಲಿಗೆ ಹೋಗುವ ಮಕ್ಕಳು ಅಳುವುದಿಲ್ಲವೇ ಎಂದುಕೊಂಡೆ.

ಈಗ ದೀಪಾವಳಿ ರಜೆಯಲ್ಲಿ ಸಂಜೆಯಾದರೆ ಸಾಕು, ದೊಡ್ಡವಳು ಕೆಳಗೆ ಹೋಗಿ ಮೌಶಿಯ ಮನೆಯಲ್ಲಿ ಕೂರುತ್ತಿದ್ದಳು. ಸಣ್ಣವಳು ಬಂದು ಚಾಡಿ ಹೇಳಿದಳು: "ಅವ್ವಾ, ಮೌಶಿ ಪೂಜಾ ಮಾಡೋ ಮುಂದ ಅಕ್ಕ ಅಲ್ಲೇ ಗಪ್ಪ ಕೂತಾಳ!" ಓಹೋ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿರುವುದು ಇಲ್ಲಿ ಎಂದುಕೊಂಡೆ. ಹೆಪ್ಪಿಗೆ ಮೊಸರು ಬೇಕು ಎಂಬ ನೆಪ ಮಾಡಿಕೊಂಡು ಬಟ್ಟಲು ಹಿಡಿದು ಇಳಿದೆ. ಹೌದು, ಆಕೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದರು. ಎದುರಿಗೆ ನನ್ನ ಮಗಳು. ಅವಳು ಲಿಂಗವನ್ನು ನೋಡುತ್ತಿರಲಿಲ್ಲ, ಆಕೆಯ ಮುಖ ನೋಡುತ್ತಿದ್ದಳು. ಅದನ್ನು ಕಂಡೆ, ಆದರೆ ಕಂಡದ್ದಕ್ಕೆ ಬೆಲೆ ಕೊಡಲಿಲ್ಲ.

ಮೇಲೆ ಬಂದ ಮೇಲೆ ಹಿಡಿದು ನಿಲ್ಲಿಸಿದೆ.

"ಕೊಳ್ಳ ತೋರಸು."

"ಯಾಕವ್ವಾ?"

"ತೋರಸು ಅಂದ್ರ ತೋರಸು."

ಕೊರಳಲ್ಲಿ ದಾರವಿರಲಿಲ್ಲ. ಸೆರಗಿನ ತುದಿಯಿಂದ ಹಣೆ ಉಜ್ಜಿದೆ, ವಿಭೂತಿ ಇರಲಿಲ್ಲ. ಟ್ರಂಕು ಕೆದರಿದೆ, ಬಟ್ಟೆ, ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ. ಏನೂ ಸಿಗದಿದ್ದರೆ ಸಂಶಯ ಕಡಿಮೆಯಾಗುತ್ತದೆ ಎಂದುಕೊಂಡಿರಾ? ಎಷ್ಟು ಜಾಣತನದಿಂದ ಮುಚ್ಚಿಟ್ಟಿದ್ದಾರೆ ನೋಡು ಎಂದು ಇನ್ನೂ ಹೆಚ್ಚಾಯಿತು. ಮಗಳು ಬಟ್ಟೆಗಳನ್ನು ಮತ್ತೆ ಮಡಚಿಟ್ಟಳು.

ಮರುದಿನ ನಲ್ಲಿಯ ಹತ್ತಿರ ಕೆಳಮನೆಯಾಕೆ ಸಿಕ್ಕಾಗ ನೇರವಾಗಿಯೇ ಕೇಳಿದೆ. "ಅಕ್ಕಾರ, ಹುಡುಗಿಗ ಪೂಜಾ ಗೀಜಾ ಕಲಸ್ಲತ್ತೀರೇನು?"

ಆಕೆ ಕೊಡ ಇಳಿಸಿ ನನ್ನ ಮುಖ ನೋಡಿದರು. "ನಾ ಏನ್ ಕಲಸ್ಲಿ ಅಕ್ಕಾರ. ನಂದೇ ನಂಗ ಸಾಕಾಗ್ಯದ. ತಾನೇ ಬಂದು ಕೂಡ್ತದ ಪಾಪ. ಏನೋ ಹೇಳ್ಬೇಕಂತ ಬಾಯಿ ತೆರೀತದ, ಮತ್ತ ಮುಚ್ಕೋತದ. ನಿಮ್ಮ ಕೂಸು, ನೀವೇ ಕೇಳ್ರಿ."

ಅರ್ಧ ನಂಬಿದೆ, ಅರ್ಧ ಬಿಟ್ಟೆ.

ಎರಡನೆಯ ಗುಮಾನಿ ನನ್ನ ಗಂಡನ ಮೇಲೆಯೇ. ಕಾರ್ಖಾನೆಯ ಬಸ್ಸಿನಲ್ಲಿ ಅವರ ಪಕ್ಕ ಕೂರುವ ಎಂಜಿನಿಯರ್ ಒಬ್ಬರು, ನಮ್ಮ ಕರ್ನಾಟಕದವರೇ, ದೇವರೂ ಇಲ್ಲ ಗೀವರೂ ಇಲ್ಲ ಎಂದು ವಾದ ಮಾಡುವವರಂತೆ. ಆ ವಾದವನ್ನು ಇವರು ಊಟದ ಹೊತ್ತಿಗೆ ಮನೆಗೆ ಹೊತ್ತು ತರುತ್ತಿದ್ದರು. "ಅವರು ಹೇಳೋದ್ರಾಗೂ ಒಂದ್ ಪಾಯಿಂಟ್ ಅದ" ಎಂದು ಹುಳಿ ಕಲಸಿಕೊಳ್ಳುತ್ತಿದ್ದರು.

"ನಿಮ್ಮ ಪಾಯಿಂಟ್ ಸುಡ್ಲಿ! ಮಕ್ಕಳ ಮುಂದ ಇಂಥಾ ಮಾತು ಆಡಿ ಆಡಿನೇ ಹುಡುಗಿ ಹಿಂಗಾಗ್ಯಾಳ."

"ನಾ ಆಮೆನ್ ಅಂತೀನಲ್ಲೇ, ದಿನಾ, ಗಟ್ಟಿಯಾಗಿ?"

"ನಿಮ್ಮದು ಆಮೆನ್ ಅಲ್ಲ, ಗೊರಕಿ."

ಅವರು ನಕ್ಕುಬಿಟ್ಟರು. ಅವರಿಗೆ ಎಲ್ಲವೂ ನಗೆಯೇ. ದೊಡ್ಡವಳನ್ನು ಓರೆಗಣ್ಣಿನಿಂದ ನೋಡಿದೆ. ಅವಳು ನಗಲಿಲ್ಲ.

ಕ್ರಿಸ್ಮಸ್‌ಗೆ ಬಂದಾಗ ಚರ್ಚಿನಲ್ಲೂ ಅದೇ ಆಟ. ನಮ್ಮದು ಮರಾಠಿ ಸಭೆ, ಅಲ್ಲಿ ನಾವು ಕಾನಡಿ ಮಂದಿ. ನಮ್ಮ ಸೀರೆ, ನಮ್ಮ ಹಾಡು, ನಮ್ಮ ಉಚ್ಚಾರ ಎಲ್ಲದರ ಮೇಲೂ ಒಂದು ಕಣ್ಣು. ಸಭೆಯೆಲ್ಲ ಒಂದೇ ದನಿಯಲ್ಲಿ ಆಮೆನ್ ಎಂದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮಗಳ ಬಾಯಿ ನೋಡಿ, "ಮುಲಗಿ ಗಪ್ಪ ಕಾ?", ಹುಡುಗಿ ಯಾಕೆ ಸುಮ್ಮನಿದ್ದಾಳೆ, ಎಂದು ಪಿಸುಗುಟ್ಟಿದಳು. ಗಂಟಲು ಬಿದ್ದಿದೆ ಎಂದು ಹೇಳಲು ಬಾಯಿ ತೆರೆದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಾನೇ ಅಲ್ಲವೇ. ಕೆಮ್ಮಿ ಹಾಡಿನ ಪುಸ್ತಕ ತೆರೆದೆ.

ಇನ್ನು ಉಳಿದದ್ದು ಹಾಸ್ಟೆಲು. ಅಲ್ಲಿ ಯಾರೋ ಇದ್ದಾರೆ, ವಿಜ್ಞಾನ ಕಲಿಸುವ ಟೀಚರೋ, ಪಕ್ಕದ ಮಂಚದ ಹುಡುಗಿಯೋ. ಈಸ್ಟರಿನ ಮುಂಚಿನ ತಪಸ್ಸಿನ ದಿನಗಳು ಆರಂಭವಾದವು, ಗರಿಗಳ ಭಾನುವಾರ ಹತ್ತಿರವಾಯಿತು. ಪಾದ್ರಿ ಸಾಹೇಬರು ದೃಢೀಕರಣಕ್ಕೆ ಹೆಸರು ಕೊಡಿ ಎಂದರು. ಸಣ್ಣವಳನ್ನು ಅವರಪ್ಪನಿಗೆ ಒಪ್ಪಿಸಿ, ಚಕ್ಕುಲಿ, ಶೇಂಗಾ ಉಂಡೆ ಕಟ್ಟಿಕೊಂಡು ಒಬ್ಬಳೇ ರೈಲು ಹತ್ತಿದೆ.

ಔರಂಗಾಬಾದಿಗೆ ಈಗ ಬೇರೆ ಹೆಸರು ಬಂದಿದೆ, ನನ್ನ ಬಾಯಿಗೆ ಹಳೆಯದೇ ಬರುತ್ತದೆ. ಆಗ ಮನಮಾಡಿನಲ್ಲಿ ಇಳಿದು ಸಣ್ಣ ಗಾಡಿಗೆ ಬದಲಾಯಿಸಬೇಕಾಗಿತ್ತು. ದೇವಳಾಲಿ ಕ್ಯಾಂಪಿನ ಸಿಪಾಯಿ ಒಬ್ಬ ಹೆಂಡತಿ ಮಕ್ಕಳೊಂದಿಗೆ ಕೂತಿದ್ದ. ಆ ಹೆಂಡತಿ ನನಗೆ ಬಾಳೆಹಣ್ಣು ಕೊಡಲು ಬಂದಳು. ರೈಲಿನಲ್ಲಿ ಗುರುತಿಲ್ಲದವರು ಕೊಟ್ಟದ್ದನ್ನು ತಿನ್ನುವಷ್ಟು ಪೆದ್ದಿ ನಾನಲ್ಲ. ಬೇಡ ಅಂದೆ. ಅವಳು ಅದೇ ಹಣ್ಣನ್ನು ತನ್ನ ಮಗುವಿಗೆ ಸುಲಿದು ಕೊಟ್ಟಳು. ನಾನು ಕಿಟಕಿಯಾಚೆ ನೋಡುತ್ತಾ ಯಾರನ್ನು ಮೊದಲು ವಿಚಾರಿಸುವುದು, ಹೇಗೆ ಬಾಯಿ ಬಿಡಿಸುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಹಾಸ್ಟೆಲಿನ ಮೇಟ್ರನ್ ವಯಸ್ಸಾದವರು, ಮಾತು ಮೆತ್ತಗೆ. ನಿಮ್ಮ ಮಗಳ ಬಗ್ಗೆ ನಾನೇ ನಿಮ್ಮನ್ನು ಕರೆಸಬೇಕೆಂದಿದ್ದೆ ಎಂದರು. ಯಾರ ಹೆಸರು ಹೇಳುತ್ತಾರೋ ಎಂದು ಮುಂದಕ್ಕೆ ಬಾಗಿದೆ. ಅವರು ಹೇಳಿದ್ದು ಬೇರೆಯೇ. ಗಂಟೆ ಹೊಡೆಯುವ ಮುಂಚೆ ಎದ್ದು ಟ್ರಂಕಿನ ಪಕ್ಕ ಒಬ್ಬಳೇ ಮಂಡಿಯೂರಿ ಕೂತಿರುತ್ತಾಳೆ, ಇಷ್ಟು ಪ್ರಾರ್ಥನೆ ಮಾಡುವ ಹುಡುಗಿ ಈ ಹಾಸ್ಟೆಲಿನಲ್ಲಿ ಇನ್ನೊಬ್ಬಳಿಲ್ಲ, ಆದರೆ ಎಲ್ಲರೂ ಕೂಡಿ ಪ್ರಾರ್ಥಿಸುವಾಗ ಕೊನೆಗೆ ಬಾಯಿ ಬಿಡುವುದಿಲ್ಲ, ಏನು ಕಾರಣ? ನನ್ನನ್ನು ಕೇಳಿದರು! ಕಳ್ಳನನ್ನು ಹುಡುಕಿಕೊಂಡು ಬಂದವಳಿಗೆ, ಕಳ್ಳ ಎಲ್ಲಿ ಎಂದು ಮನೆಯವರೇ ಕೇಳಿದರೆ ಏನು ಹೇಳುವುದು?

ಹಿತ್ತಲಿನ ಹುಣಸೆ ಮರದ ಕಟ್ಟೆಯ ಮೇಲೆ ಮಗಳೊಂದಿಗೆ ಕೂತೆ. ಉಂಡೆಯ ಡಬ್ಬಿ ತೆರೆದಿಟ್ಟೆ. ಅವಳು ಮುಟ್ಟಲಿಲ್ಲ. ನಯವಾಗಿ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ನಯ ನನಗೆ ಎಲ್ಲಿಂದ ಬರಬೇಕು.

"ಗರಿಗಳ ಭಾನುವಾರ ಪಾದ್ರಿ ಸಾಹೇಬ್ರು ಕೇಳ್ತಾರ. ಅವತ್ತೂ ಹಿಂಗೇ ಮೂಕಿ ಹಂಗ ನಿಂದರ್ತಿ ಏನು?"

"ನಾ ಸಹಿ ಮಾಡಂಗಿಲ್ಲವ್ವಾ."

"ಯಾಕ? ಯೇಸುಸ್ವಾಮಿ ಮ್ಯಾಲ ನಂಬಿಕಿ ಹೋಗ್ಯದೇನು? ಯಾರು ಏನು ಹೇಳ್ಯಾರ, ಖರೇ ಹೇಳು."

"ನಂಬಿಕಿ ಅದ. ಅದಕ್ಕೇ ಅಂಜಿಕಿ."

ಆಮೇಲೆ ತುಂಡು ತುಂಡು ಕನ್ನಡದಲ್ಲಿ, ಸಿಗದ ಕಡೆ ಮರಾಠಿ ಸೇರಿಸಿ ಹೇಳಿದಳು. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮನೆಪ್ರಾರ್ಥನೆ ಇಟ್ಟುಕೊಂಡಿದ್ದೆವು. ಸಭೆಯವರು ಕೆಲವರು ಬಂದಿದ್ದರು, ಹೊರಊರಿನ ಪ್ರಸಂಗಿ ಒಬ್ಬರು ಬಂದಿದ್ದರು. ನನಗೆ ನೆನಪಾಯಿತು. ಜಮಖಾನೆ ಸಾಲದೆ ಕೆಳಮನೆಯಿಂದಲೇ ಒಂದು ತಂದಿದ್ದೆ. ಚಹಾಕ್ಕೆ ಹಾಲು ಕಡಿಮೆ ಬಿದ್ದು ಪೇಚಾಡಿದ್ದೂ ನೆನಪಾಯಿತು.

"ಕೆಳಗ ತಮ್ಮಗ ಜ್ವರ ಇತ್ತು" ಎಂದಳು ಮಗಳು. "ನೀನೇ ಆ ಪ್ರಸಂಗಿಗ ಹೇಳ್ದಿ, ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಂತ. ಅವರು ಏನಂತ ಮಾಡಿದ್ರು, ನೆನಪದ ಏನು?"

"ಮಗು ಆರಾಮಾಗ್ಲಿ ಅಂತ ಮಾಡಿರ್ತಾರ. ಮತ್ತ್ಯಾನು?"

ಅವಳು ತಲೆಯಾಡಿಸಿದಳು. ಆ ಪ್ರಾರ್ಥನೆಯನ್ನು ಮರಾಠಿಯಲ್ಲಿ, ಪಾಠ ಒಪ್ಪಿಸಿದಂತೆ, ಒಂದು ಪದ ಬಿಡದೆ ಹೇಳಿದಳು. ಕರ್ತನೇ, ಕೆಳಗಿನ ಆ ಮನೆ ಕತ್ತಲೆಯಲ್ಲಿದೆ. ನಿನ್ನ ಚಿತ್ತವಿದ್ದರೆ ಆ ಮಗುವನ್ನು ಉಳಿಸು. ಆದರೆ ಆ ಮಗುವನ್ನು ತೆಗೆದುಕೊಂಡೇ ಆ ಮನೆಗೆ ಬೆಳಕು ತರುವುದು ನಿನ್ನ ಚಿತ್ತವಾಗಿದ್ದರೆ, ಹಾಗೆಯೇ ಆಗಲಿ.

"ಎಲ್ಲಾರೂ ಆಮೆನ್ ಅಂದ್ರು. ನಾನೂ ಅಂದೆ. ಜೋರಾಗಿ ಅಂದೆ" ಎಂದಳು. "ತಮ್ಮ ಸತ್ತ. ನಾ ಸಹಿ ಮಾಡೀನವ್ವಾ."

 ಮಗಳ ಮುಖ ನೋಡಲಾಗಲಿಲ್ಲ. ಮಳೆಗಾಲದಿಂದ ಈ ಬೇಸಿಗೆಯ ತನಕ, ಇಷ್ಟು ದಿನ, ಈ ಕೂಸು ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದೆ. ಅವಳ ಕೊರಳಲ್ಲಿ ನಾನು ದಾರ ಹುಡುಕಿದ್ದೆ. ಅಯ್ಯೋ ದೇವರೇ ಎನ್ನುವುದಕ್ಕೂ ಹೆದರಿಕೆಯಾಯಿತು. ಆ ಪ್ರಾರ್ಥನೆಯ ಒಂದೇ ಒಂದು ಪದ ನನಗೆ ನೆನಪಿರಲಿಲ್ಲ. ಪ್ರಸಂಗಿಗಳು ಉದ್ದಕ್ಕೆ ಮರಾಠಿಯಲ್ಲಿ ಪ್ರಾರ್ಥಿಸುವಾಗ ನನ್ನ ಕಿವಿ ಒಲೆಯ ಕಡೆ ಇರುತ್ತಿತ್ತು, ದನಿ ಇಳಿದಾಗ ಮುಗಿಯಿತೆಂದು ತಿಳಿದು ಆಮೆನ್ ಎನ್ನುತ್ತಿದ್ದೆ. ನಮ್ಮ ಕನ್ನಡದ ಮಂದಿಯೆಲ್ಲ ಅಲ್ಲಿ ಹಾಗೇ ಅನ್ನುತ್ತಿದ್ದೆವು. ಮಗಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ನಮ್ಮ ನಾಲ್ವರಲ್ಲಿ ತಿಳಿದು ಸಹಿ ಹಾಕಿದವಳು ಅವಳೊಬ್ಬಳೇ. ಆ ಪ್ರಸಂಗಿಯ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

"ಜ್ವರದಿಂದ ಹೋದ ಕೂಸದು" ಎಂದೆ. "ನಿನ್ನ ಮಾತಿನಿಂದ ಏನೂ ಆಗಿಲ್ಲ."

"ಹಂಗಾದ್ರ ದೇವರು ಪ್ರಾರ್ಥನಾ ಕೇಳಂಗಿಲ್ಲೇನು?"

ಕೇಳುತ್ತಾನೆ ಎಂದರೆ ಇವಳು ಕೊಂದವಳಾಗುತ್ತಾಳೆ. ಕೇಳುವುದಿಲ್ಲ ಎಂದರೆ ನಾನು ಇವಳನ್ನು ಇಷ್ಟು ವರ್ಷ ಬೆಳೆಸಿದ್ದು ಯಾವುದರ ಮೇಲೆ? ಅಪ್ಪನಿದ್ದಿದ್ದರೆ ಏನೋ ಒಂದು ಹೇಳುತ್ತಿದ್ದರು.  ಅವಳ ತಲೆಯನ್ನು ಎಳೆದು ಎದೆಗೆ ಒತ್ತಿಕೊಂಡೆ. ಅವಳು ಅಳಲಿಲ್ಲ, ಕಟ್ಟಿಗೆಯಂತೆ ಕೂತಿದ್ದಳು.

"ಮೌಶಿಗ ಹೇಳ್ಬೇಕಂತ ದಿನಾ ಹೋಗ್ತಿದ್ದೆ" ಎಂದಳು. "ಬಾಯೇ ಬರ್ತಿರ್ಲಿಲ್ಲ. ಅವರಿಗಿ ಹೇಳದೆ ನಾ ಸಭಾದ ಮುಂದ ಹ್ಯಾಂಗ ನಿಂದರ್ಲಿ?"

ಮೇಟ್ರನ್ ಅವರನ್ನು ಕೇಳಿಕೊಂಡು ಅವಳನ್ನು ಕರೆದುಕೊಂಡು ಬಂದೆ. ಗಾಡಿಯಲ್ಲೇ ತೀರ್ಮಾನಿಸಿದೆ, ಈ ವರ್ಷ ದೃಢೀಕರಣಕ್ಕೆ ಹೆಸರು ಕೊಡುವುದಿಲ್ಲ. ಮುಂದಿನ ವರ್ಷ ಅವಳೇ ಹೋಗಿ ಕೊಟ್ಟಳು, ಸಭೆಯ ಮುಂದೆ ನಿಂತು ಕೇಳಿದ್ದಕ್ಕೆಲ್ಲ ಸ್ಪಷ್ಟವಾಗಿ ಉತ್ತರಿಸಿದಳು. ಆದರೆ ಅದನ್ನು ಆವತ್ತು ನನಗೆ ಯಾರು ಹೇಳಬೇಕು? ಆವತ್ತು ನನಗಿದ್ದದ್ದು ಬೇರೆ ಭಯ: ಮನೆ ಮುಟ್ಟಿದ ಕೂಡಲೇ ಮಗಳು, ಮೌಶಿಗೆ ಎಲ್ಲ ಹೇಳುತ್ತೇನೆ ಎಂದಳು.

"ಹೇಳಬ್ಯಾಡ" ಎಂದರು ನಮ್ಮ ಮನೆಯವರು. ಅವರ ಮುಖದಲ್ಲಿ ನಗೆಯಿರಲಿಲ್ಲ. "ಆ ಕೂಸಿನ್ನ ನನ್ನ ಕೈಯಾರೆ ಮಣ್ಣಾಗ ಇಟ್ಟೀನಿ. ಮತ್ತ ಯಾಕ ಕೆದಕ್ತೀರಿ?"

ನನಗೂ ಹಾಗೇ ಅನ್ನಿಸಿತು. ಮೊದಲೇ ವಾಡೆಯವರಿಗೆ ನಮ್ಮ ಮೇಲೆ ಗುಮಾನಿ. ಕಿರಿಸ್ತಾನರು ಬಾಗಿಲು ಹಾಕಿಕೊಂಡು ಏನೋ ಓದುತ್ತಾರೆ ಎಂದು ಆಡಿಕೊಳ್ಳುವವರಿದ್ದರು. ಮಗು ಜ್ವರದಲ್ಲಿ ಮಲಗಿದ್ದಾಗ ಮೇಲಿನ ಮನೆಯಲ್ಲಿ ಜನ ಸೇರಿ ಇಂಥ ಪ್ರಾರ್ಥನೆ ಮಾಡಿದರು ಎಂದು ಗೊತ್ತಾದರೆ ಬಿಡುತ್ತಾರೆಯೇ? ಮಾಟ ಮಾಡಿ ಮಗುವನ್ನು ತಿಂದರು ಎನ್ನುತ್ತಾರೆ. ಮನೆ ಖಾಲಿ ಮಾಡಿಸುತ್ತಾರೆ. ಆಕೆಯೇ ಮೊದಲು ಕೂಗು ಹಾಕಬಹುದು, ಹೆತ್ತ ಕರುಳು. ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದಳು, ಎದ್ದಳು, ಚಪ್ಪಲಿ ಕೂಡ ಮೆಟ್ಟದೆ ಮೆಟ್ಟಿಲಿಳಿದಳು. ನಾನು ಹಿಂದೆ ಓಡಿದೆ.

ಕಾರ್ಖಾನೆಗೆ ರಜೆಯಿದ್ದ ದಿನ, ಮಧ್ಯಾಹ್ನದ ಹೊತ್ತು. ಕೆಳಮನೆಯಾಕೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಮಗಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು, ಏನನ್ನೂ ಬಿಡಲಿಲ್ಲ. ಆ ಪ್ರಾರ್ಥನೆಯನ್ನೂ ಹೇಳಿದಳು. ಕತ್ತಲೆಯ ಮನೆ ಎಂದದ್ದನ್ನೂ ಹೇಳಿದಳು. ನಾನು ಬಾಗಿಲು ಮುಂದಕ್ಕೆಳೆದು, ಅಂಗಳದಲ್ಲಿ ಯಾರಾದರೂ ನಿಂತಿದ್ದಾರಾ ಎಂದು ಸಂದಿಯಿಂದ ನೋಡುತ್ತಿದ್ದೆ.

ಆಕೆಯ ಕೈ ಅಕ್ಕಿಯಲ್ಲಿ ನಿಂತುಹೋಯಿತು.  ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ನಾನು ಚಿಲಕ ಹಿಡಿದು ನಿಂತೆ. ಆಕೆ ಸೆರಗಿನೊಳಗೆ ಕೈ ಹಾಕಿ ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿ ಇಟ್ಟು ಮಗಳಿಗೆ ತೋರಿಸಿದರು.

"ಹುಚ್ಚಿ, ಇಲ್ಲಿ ನೋಡು. ಇದನ್ನ ಹಿಂಗ ಹಿಡ್ಕೊಂಡು ಹಗಲೂ ರಾತ್ರಿ ಬೇಡೀನಿ ನಾ. ನನ್ನ ಒಯ್ಯಿ, ಅವನ್ನ ಬಿಡು ಅಂತ ಬೇಡೀನಿ. ಹೆತ್ತಾಕಿ ಬೇಡಿದ್ದು ಕೇಳ್ಲಿಲ್ಲ. ನಿನ್ನ ಒಂದ್ ಮಾತು ಕೇಳಿ ಒಯ್ದಾನೇನು? ಅಷ್ಟ್ ದೊಡ್ಡಾಕಿ ಆಗೀದೇನು ನೀ?"

ಮಗಳು ಆಗ ಅತ್ತಳು. ಬಿಕ್ಕಿ ಬಿಕ್ಕಿ, ಆ ಮನೆಯ ಗೋಡೆಗೆ ಕೇಳುವಂತೆ ಅತ್ತಳು. ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ ಅವಳನ್ನು ತೊಡೆಗೆ ಎಳೆದುಕೊಂಡರು. ತಾವೂ ಅತ್ತರು. ನನ್ನ ಮಗಳಿಗೆ ನಾನು ಕೊಡಲಾಗದ ಉತ್ತರವನ್ನು ಆಕೆ ಕೊಟ್ಟುಬಿಟ್ಟಿದ್ದರು. ನನಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಅಳು ತಗ್ಗಿದ ಮೇಲೆ ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ಬಾಗಿಲಿನ ಚಿಲಕದ ಮೇಲೆ ನನ್ನ ಕೈಯಿತ್ತು.

"ಅಕ್ಕಾರ, ನೀವೂ ಆಮೆನ್ ಅಂದಿದ್ರೇನು?"

ಮರಾಠಿ ತಿಳಿಯಲಿಲ್ಲ ಎನ್ನಬಹುದಿತ್ತು. ಅರ್ಧ ನಿಜವೂ ಆಗಿತ್ತು. ಆದರೆ ತರಕಾರಿ ಮಾರುವ ಭಾಜಿಯವಳ ಜೊತೆ ನಾನು ಮರಾಠಿಯಲ್ಲಿ ಹೇಗೆ ಜಗಳವಾಡುತ್ತೇನೆ ಎಂದು ಆಕೆ ದಿನವೂ ಕೇಳಿದವರು. ಮಗಳು ಆಕೆಯ ತೊಡೆಯ ಮೇಲಿಂದ ಮುಖವೆತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅಂದಿದ್ದೆ" ಎಂದೆ.

ಆಕೆ ಕೂಗಲಿಲ್ಲ. ಬೈಯಲಿಲ್ಲ. ಲಿಂಗವನ್ನು ಸೆರಗಿನೊಳಗೆ ಸೇರಿಸಿದರು, ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು.

"ಹುಡುಗಿ ಇಲ್ಲೇ ಇರ್ಲಿ" ಎಂದರು. "ನೀವು ಮ್ಯಾಲ ಹೋಗ್ರಿ."

ಮಗಳು ನನ್ನ ಜೊತೆ ಏಳುತ್ತಾಳೆ ಎಂದುಕೊಂಡು ಸ್ವಲ್ಪ ಹೊತ್ತು ನಿಂತೆ. ಅವಳು ಕಣ್ಣು ಒರೆಸಿಕೊಂಡು, ಆಕೆಯ ಪಕ್ಕ ಸರಿದು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು. ಬಾ ಎಂದು ಕರೆಯುವ ಬಾಯಿ ನನಗಿರಲಿಲ್ಲ. ಬಾಗಿಲು ತೆರೆದುಕೊಂಡು ಒಬ್ಬಳೇ ಹೊರಗೆ ಬಂದೆ.